ಗದ್ದಕ್ಕೆ ತಾಗುವ ಅಂಚು

ಜೂನ್ 30, ಭಾನುವಾರ

ಅಕ್ಕ ದೊಡ್ಡಮುನಿಯಮ್ಮನಿಗೆ ತಂಗಿ ಚಿಕ್ಕಮುನಿಯಮ್ಮ ಮಾಡುವ ನಮಸ್ಕಾರಗಳು. ನಿನ್ನ ಮೊಣಕಾಲು ಈಗ ಹೇಗಿದೆ? ಮುನಿಆಂಜನಪ್ಪ ಭಾವನ ಕೆಮ್ಮು ಇಳಿಯಿತೇ? ಸೂರ್ಯನ ಹೊಟ್ಟೆನೋವು ವಾಸಿಯಾಯಿತೇ? ಮೇವು ಮುಟ್ಟದೆ ನಿಂತಿದ್ದ ಆ ಕಪ್ಪು ಹಸು ಈಗ ತಿನ್ನುತ್ತಿದೆಯೇ? ನಾವು ಇಲ್ಲಿ ಕ್ಷೇಮ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಕ್ಷೇಮ ಎಂದದ್ದು ಸುಳ್ಳು. ಅಲ್ಲದೆ ಇದು ಅಂಚೆಗೆ ಹೋಗುವ ಕಾಗದವೂ ಅಲ್ಲ. ಅಕ್ಕನಿಗೆ ಕಣ್ಣು ಮಂಜಾಗಿದೆ. ಹೊಸಕೋಟೆಗೆ ಕಾಗದ ಹೋದರೆ ಅವಳ ಮಗ ಸೂರ್ಯ ಜಗುಲಿಯ ಮೇಲೆ ನಿಂತು ಗಟ್ಟಿಯಾಗಿ ಓದುತ್ತಾನೆ, ಅರ್ಧ ಬೀದಿ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಇವರು ಬ್ಯಾಂಕಿನಿಂದ ತಂದು ಸುಮ್ಮನೆ ಇಟ್ಟಿದ್ದ ಡೈರಿಯಲ್ಲಿ ನನಗೆ ನಾನೇ ಬರೆದುಕೊಳ್ಳುತ್ತೇನೆ. ಅಕ್ಷರ ಕಲಿತದ್ದೇ ಅಕ್ಕನಿಗೆ ಕಾಗದ ಬರೆಯುವುದಕ್ಕೆ. ಯಾರದ್ದಾದರೂ ಕ್ಷೇಮ ಕೇಳದೆ ನನ್ನ ಕೈ ಓಡುವುದಿಲ್ಲ.

ಇವತ್ತು ಅಳಿಯ ಮಧುಕರ್ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕುಳಿತು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತಲೇ ಇದ್ದ. ಆಗಲೇ ನನಗೆ ಗೊತ್ತಾಯಿತು.

"ಅತ್ತೆ, ಆಷಾಢ ಕಳೀಲಿ ಅಂತ ಇದೀವಿ. ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬ ಆದ್ಮೇಲೆ, ದೇವಸ್ಥಾನದಲ್ಲೇ ಸಿಂಪಲ್ಲಾಗಿ ಮದುವೆ ಮುಗಿಸ್ತೀವಿ. ಆಮೇಲೆ ಚಾರ್ವಿನ ಮಹದೇವಪುರಕ್ಕೆ ಕರ್ಕೊಂಡು ಹೋಗ್ತೀನಿ. ನಿಮಗೂ ವಯಸ್ಸಾಯ್ತು."

ಯಾರೋ ಒಂದು ಹೆಣ್ಣಂತೆ. ಲ್ಯಾಬಿನಲ್ಲಿ ಕೆಲಸವಂತೆ. ಹೆಸರು ಹೇಳಿದ, ನಾನು ನೆನಪಿಟ್ಟುಕೊಳ್ಳಲಿಲ್ಲ.

ನಮ್ಮ ಹೇಮಶ್ರೀ ಡೆಂಗಿ ಜ್ವರದಲ್ಲಿ ಹೋಗಿ ಎರಡು ದೀಪಾವಳಿ ಕಳೆದಿವೆ. ಅಂದಿನಿಂದ ಅವಳ ಮಗಳು ಚಾರ್ವಿ ಇಲ್ಲಿಯೇ, ಕಗ್ಗದಾಸಪುರದಲ್ಲಿ, ನನ್ನ ಪಕ್ಕದಲ್ಲಿಯೇ ಮಲಗುತ್ತಾಳೆ. ಆರು ವರ್ಷ. ಅಪ್ಪ ಹೇಳಿದ್ದನ್ನೆಲ್ಲ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಹೊರಗೆ ಬಂದಳು.

"ಅಜ್ಜಿ ಕೌದಿ ಮುಗಿಸ್ಲಿ. ಮುಗಿದ್ಮೇಲೆ ಬರ್ತೀನಿ. ಕೌದಿ ಇಲ್ದೆ ಬರಲ್ಲ."

ಮಧುಕರ್ ನಕ್ಕ. ಇವರೂ ನಕ್ಕರು. "ಆಯ್ತಮ್ಮ, ಕೌದಿ ಮುಗಿದ ದಿನಾನೇ ಹೊರಡೋದು" ಎಂದು ಮಾತು ಕೊಟ್ಟ.

ಚೂರುಬಟ್ಟೆ ಜೋಡಿಸಿ ಅವಳಿಗೆಂದು ಹೊಲಿಯುತ್ತಿರುವ ಕೌದಿಯ ಮೇಲ್ಭಾಗವೆಲ್ಲ ಸಿದ್ಧವಾಗಿದೆ. ಉಳಿದಿರುವುದು ಸುತ್ತಲಿನ ಅಂಚು ಮಾತ್ರ.


ಜುಲೈ 3, ಬುಧವಾರ

ಕೌದಿಯನ್ನು ಮಂಚದ ಮೇಲೆ ಹರಡಿ ನೋಡಿದೆ. ಎಲ್ಲ ಚೌಕಗಳೂ ಹೇಮಾಳ ಬಟ್ಟೆಯವೇ. ಹೈಸ್ಕೂಲಿನ ನೀಲಿ ಲಂಗ, ಕಾಲೇಜಿನ ಹಳದಿ ಚೂಡಿದಾರ್, ಬಸುರಿನಲ್ಲಿ ಹಾಕಿಕೊಳ್ಳುತ್ತಿದ್ದ ಸಡಿಲ ನೈಟಿ, ಸೀಮಂತದ ಹಸಿರು ಸೀರೆ. ಯಾವ ಚೂರು ಎಲ್ಲಿಯದು ಎಂದು ಚಾರ್ವಿ ಬೆರಳಿಟ್ಟು ಹೇಳುತ್ತಾಳೆ. ಕೌದಿ ಎನ್ನುವುದು ಅವಳ ಟೀಚರ್ ಕಲಿಸಿದ ಮಾತು, ನಮ್ಮಮ್ಮ ಬೊಂತೆ ಎನ್ನುತ್ತಿದ್ದಳು.

ಅಮ್ಮನದು ಒಂದು ನಿಯಮವಿತ್ತು. ಒಳಗಿನ ಚೂರುಗಳು ಯಾರದ್ದಾದರೂ ಆಗಬಹುದು, ಹೋದವರದ್ದೂ ಆಗಬಹುದು. ಅಂಚು ಮಾತ್ರ ಹೊದಿಸುವವರ ಬಟ್ಟೆಯದಾಗಿರಬೇಕು. ಅದೂ ಉಟ್ಟು ಬಿಟ್ಟದ್ದು, ಒಗೆಯದೆ ಇರುವುದು. ನಿದ್ದೆಯಲ್ಲಿ ಮಗುವಿನ ಗದ್ದಕ್ಕೆ ತಾಗುವುದು ಅಂಚೊಂದೇ. ಕತ್ತಲಲ್ಲಿ ಬೆಚ್ಚಿ ಎದ್ದರೆ ಮೊದಲು ಮೂಗಿಗೆ ಬರುವುದು ಆ ವಾಸನೆಯೇ. ಪಕ್ಕದಲ್ಲಿ ಯಾರಿದ್ದಾರೆಂದು ಮಗುವಿಗೆ ಅದರಿಂದಲೇ ತಿಳಿಯುತ್ತದೆ ಎನ್ನುತ್ತಿದ್ದಳು.

ಹೇಮಾಳ ಧಾರೆ ಸೀರೆಯನ್ನು ಟ್ರಂಕಿನಿಂದ ತೆಗೆದೆ. ಉಟ್ಟದ್ದು ಒಂದೇ ಸಲ. ಒಗೆದಿಲ್ಲ. ಅದರ ಜರಿಯಂಚನ್ನು ಬಿಡಿಸಿ ನಾಲ್ಕು ಬದಿಗೂ ಹಾಕುವುದೆಂದು ತೀರ್ಮಾನಿಸಿದೆ.

ಇವರು ಪೇಪರು ಓದುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು. ಮುನಿರಾಜಪ್ಪನವರಿಗೆ ದಿನಕ್ಕೆ ಇಷ್ಟೇ ಮಾತು ಎಂದು ಲೆಕ್ಕವಿದೆ, ಅದರಲ್ಲಿ ಸ್ವಲ್ಪ ಇವತ್ತು ಖರ್ಚು ಮಾಡಿದರು.

"ಅದು ಹೇಮಾದು ಕಣೇ. ಅಂಚು ಹೊದಿಸೋರ್ದು ಅಂತ ಅಲ್ವಾ ನಿಮ್ಮಮ್ಮ ಹೇಳ್ತಿದ್ದಿದ್ದು?"

"ಹೆತ್ತೋಳಿಗಿಂತ ಹೊದಿಸೋರು ಇನ್ಯಾರ್ರೀ ಇರ್ತಾರೆ?"

ಅವರು ಪೇಪರು ಮಡಿಸಿಟ್ಟು ತುಳಸಿಗೆ ನೀರು ಹಾಕಲು ಹೋದರು. ಬೆಳಿಗ್ಗೆಯೇ ಹಾಕಿಯಾಗಿತ್ತು.


ಜುಲೈ 9, ಮಂಗಳವಾರ

ಜರಿಯಂಚು ಎರಡು ಬದಿಗೆ ಹೊಲಿದೆ. ಚೆನ್ನಾಗಿ ಕಂಡಿತು. ದೇವರ ಪಲ್ಲಕ್ಕಿಗೆ ಹೊದಿಸುವ ವಸ್ತ್ರದ ಹಾಗೆ ಮಿಂಚುತ್ತಿತ್ತು.

ಸ್ಕೂಲಿನಿಂದ ಬಂದ ಚಾರ್ವಿ ಅದರೊಳಗೆ ತೂರಿಕೊಂಡು ಮಲಗಿ ನೋಡಿದಳು. ಒಂದು ಸಲ ಹೊರಳಿದಳು. ಆಮೇಲೆ, "ಅಜ್ಜಿ, ಚುಚ್ಚುತ್ತೆ" ಎಂದಳು.

"ಎಲ್ಲಿ ಚುಚ್ಚುತ್ತೆ? ಅಮ್ಮನ ಸೀರೆ ಅದು."

"ಇಲ್ಲಿ." ಗದ್ದ ಎತ್ತಿ ತೋರಿಸಿದಳು. ಗೀರು ಕೆಂಪಾಗಿ ಎದ್ದಿತ್ತು. "ಅಮ್ಮಂಗೂ ಚುಚ್ತಿತ್ತಾ?"

ಚುಚ್ಚುತ್ತಿತ್ತು. ಧಾರೆಯ ದಿನ ಮಧ್ಯಾಹ್ನವೇ ಹೇಮಾ ಅದನ್ನು ಬಿಚ್ಚಿ ಬಿಸಾಕಿ ಕಾಟನ್ ಸೀರೆ ಉಟ್ಟಿದ್ದಳು. ಅದನ್ನು ಮಗುವಿಗೆ ಹೇಳಲಿಲ್ಲ.

ಹೊಲಿದ ಜರಿಯಂಚನ್ನು ಬಿಚ್ಚಿದೆ. ಬೇರೆ ಏನಾದರೂ ಸಿಗಬಹುದೆಂದು ಬೀರುವಿನ ಮೇಲಿನ ಪ್ಲಾಸ್ಟಿಕ್ ಕವರು ಇಳಿಸಿದೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳು ಹಾಕಿಕೊಂಡಿದ್ದ ನೈಟಿ ಅದರಲ್ಲಿದೆ. ಒಗೆಯದೆ ಕಟ್ಟಿಟ್ಟದ್ದು. ತೆರೆದು ಮುಖಕ್ಕೆ ಹಿಡಿದೆ. ಪ್ಲಾಸ್ಟಿಕ್ಕಿನ ವಾಸನೆ, ನುಸಿಗುಳಿಗೆಯ ವಾಸನೆ. ಅವಳದು ಏನೂ ಇರಲಿಲ್ಲ. ಯಾವಾಗ ಹೋಯಿತೋ. ತೆರೆದು ತೆರೆದು ನೋಡಿ ನಾನೇ ಕಳೆದೆನೋ ಏನೋ.

ಮತ್ತೆ ಕಟ್ಟಿಟ್ಟೆ.


ಜುಲೈ 14, ಭಾನುವಾರ

ಆ ಹೆಂಗಸನ್ನು ಮಧುಕರ್ ಕರೆದುಕೊಂಡು ಬಂದಿದ್ದ. ಆಷಾಢದಲ್ಲಿ ಯಾಕೆ ಬರಬೇಕಿತ್ತೋ. ಮೂವತ್ತು ದಾಟಿರಬೇಕು. ಹಲಸೂರಿನಲ್ಲಿ ಮನೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡು ಮದುವೆಯಾಗದೆ ಉಳಿದದ್ದಂತೆ. ಇಂದಿರಾನಗರದ ಯಾವುದೋ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಕೈಬೆರಳು ಉದ್ದ, ಉಗುರು ಗಿಡ್ಡಕ್ಕೆ ಕತ್ತರಿಸಿದ್ದಳು. ಮೊದಲ ಮಾತಿಗೇ ನನ್ನನ್ನು "ಅಮ್ಮ" ಎಂದಳು. ಆಂಟಿ ಎಂದಿದ್ದರೆ ಸಾಕಾಗಿತ್ತು.

ಕೌದಿ ಮಷೀನಿನ ಮೇಲೆ ಇತ್ತು. ಚಾರ್ವಿ ಅದನ್ನು ಎಳೆದು ತಂದು ಒಂದೊಂದು ಚೂರನ್ನೂ ತೋರಿಸಲು ಶುರುಮಾಡಿದಳು. "ಇದು ಅಮ್ಮನ ಸ್ಕೂಲ್ ಲಂಗ. ಇದು ಅಮ್ಮ ಡ್ಯಾನ್ಸಲ್ಲಿ ಬಿದ್ದಾಗ ಹಾಕಿದ್ದು. ಇದರಲ್ಲಿ ನಾನು ಹೊಟ್ಟೇಲಿದ್ದೆ."

ಆಕೆ ಬಗ್ಗಿ ನೋಡಿದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನೋಡಿದಳು. ಒಂದು ಚೂರನ್ನೂ ಮುಟ್ಟಲಿಲ್ಲ. ಮುಟ್ಟಿದ್ದರೆ ಏನಾಗುತ್ತಿತ್ತು? ಸವೆದು ಹೋಗುತ್ತಿರಲಿಲ್ಲ. ಇರಲಿ, ಮುಟ್ಟದಿದ್ದದ್ದೇ ಒಳ್ಳೆಯದಾಯಿತು.

"ಅಂಚು ಯಾವ್ದು ಹಾಕ್ತೀರಾ ಅಮ್ಮ?" ಎಂದು ಕೇಳಿದಳು.

"ನೋಡೋಣ" ಎಂದೆ.

ಹೊರಟರು. ಗೇಟು ಹಾಕಿಕೊಂಡು ಒಳಗೆ ಬಂದ ಮೇಲೆ ಇವರು ಕೇಳಿದರು.

"ಕುಂಕುಮ ಕೊಡ್ಲಿಲ್ಲ ನೀನು."

"ಬಟ್ಟಲು ಕೈಗೆ ಸಿಗ್ಲಿಲ್ಲ."

ಬಟ್ಟಲು ದೇವರ ಗೂಡಿನಲ್ಲಿ ಇದ್ದ ಜಾಗದಲ್ಲೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬನಿಯನ್ ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.


ಜುಲೈ 15, ಸೋಮವಾರ

ನನ್ನ ನೀಲಿ ಸೀರೆ. ಇಷ್ಟು ದಿನ ಇದು ಹೊಳೆಯದೆ ಹೋದದ್ದೇ ಆಶ್ಚರ್ಯ. ಎರಡು ವರ್ಷದಿಂದ ಹೊದಿಸಿದವಳು ನಾನು. ಅಮ್ಮನ ನಿಯಮದಂತೆ ನನ್ನದೇ ಅಂಚಾಗಬೇಕು. ನಿನ್ನೆ ಉಟ್ಟದ್ದು, ಒಗೆದಿಲ್ಲ. ಈಗಲೇ ಪಟ್ಟಿ ಕತ್ತರಿಸುತ್ತೇನೆ.


ಜುಲೈ 20, ಶನಿವಾರ

ನಾಲ್ಕು ಬದಿಯೂ ಹೊಲಿದು ನೆಲದ ಮೇಲೆ ಹಾಸಿದೆ. ಅಂಚು ನೆಲಕ್ಕೆ ಕೂರಲಿಲ್ಲ. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುತ್ತಲೂ ಅಲೆ ಅಲೆಯಾಗಿ ಎದ್ದು ನಿಂತಿತು. ನೀರು ಚಿಮುಕಿಸಿ ಇಸ್ತ್ರಿ ಮಾಡಿದೆ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು.

ಮಧ್ಯಾಹ್ನ ಅದನ್ನು ಚೀಲಕ್ಕೆ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ರೈಲ್ವೆ ಗೇಟು ಬಿದ್ದು ಬಸ್ಸು ಎಷ್ಟೋ ಹೊತ್ತು ಅಲ್ಲಾಡಲಿಲ್ಲ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಜೀದಾಳ ಲೈನಿಂಗ್ ಬಟ್ಟೆ, ದಾರ, ಗುಂಡಿಗಳ ಅಂಗಡಿ. ನಾನು ರವಿಕೆ ಹೊಲಿಯುತ್ತಿದ್ದ ಕಾಲದಿಂದಲೂ ಸ್ನೇಹ. ಹೇಮಾಳ ಮೊದಲ ಲಂಗಕ್ಕೆ ಲೈನಿಂಗ್ ಕತ್ತರಿಸಿ ಕೊಟ್ಟವಳು ಅವಳೇ.

ಕೌದಿಯನ್ನು ಕೌಂಟರಿನ ಮೇಲೆ ಹರಡಿದ್ದೇ ತಡ, ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಕ್ಯಾ ಅಕ್ಕ, ಇದು ಗೋದಡಿನಾ, ಘಾಗ್ರಾನಾ? ಹಾಕ್ಕೊಂಡು ಕುಣೀಬೋದು."

"ಕುಣಿಯೋಕೆ ಬಂದಿಲ್ಲ ಮಜೀದಾ. ಏನಾಗಿದೆ ನೋಡು."

ಅವಳು ಟೇಪು ತೆಗೆದು ಎರಡು ಕಡೆ ಇಟ್ಟು ನೋಡಿದಳು. "ಪಟ್ಟಿ ಅಳತೆ ಎಲ್ಲಿಂದ ತಗೊಂಡ್ರಿ?"

"ಅಂಚಿಂದಾನೇ. ಮತ್ತೆಲ್ಲಿಂದ?"

"ನಕ್ಕೋ ಅಕ್ಕ, ಹಾಗಲ್ಲ. ಎಷ್ಟು ಸಲ ಹೊಲ್ದು ಬಿಚ್ಚಿದ್ರೋ, ಅಂಚೆಲ್ಲಾ ಎಳ್ಕೊಂಡು ಉದ್ದ ಆಗ್ಬಿಟ್ಟದೆ. ಎಳೆದಿರೋ ಜಾಗದಲ್ಲಿ ಅಳೆದ್ರೆ ಅದು ಸುಳ್ಳೇ ಹೇಳ್ತದೆ. ನಡೂಲಿ ಅಳೀರಿ. ನಡು ಎಷ್ಟದೆಯೋ ಪಟ್ಟಿ ಅಷ್ಟೇ. ಅಂಚು ಬಂದು ಅದಕ್ಕೆ ಕೂಡ್ಕೋಬೇಕು. ಇದು ನೀವೇ ನಂಗೆ ಹೇಳ್ಕೊಟ್ಟಿದ್ದಲ್ವಾ?"

ಹೌದು, ನಾನೇ ಹೇಳಿಕೊಟ್ಟದ್ದು. ಹೇಗೆ ಮರೆತೆನೋ.

ಅವಳು ಕೌದಿ ಮಡಿಸುತ್ತಾ ಕೇಳಿದಳು. "ಅಳಿಯನ ಶಾದಿ ಯಾವಾಗ?"

"ಶ್ರಾವಣದಲ್ಲಿ."

"ಚಾರ್ವಿ ಬಚ್ಚಿ ಹೋಗೋದು?"

"ಕೌದಿ ಮುಗಿದ ಮೇಲೆ."

ಮಜೀದಾ ಮಡಿಸುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಬಿಚ್ತಾನೇ ಇರ್ತೀರಾ ಅಕ್ಕ."

ಚಹಾ ತರಿಸಿದ್ದಳು. ಕುಡಿಯದೆ ಎದ್ದು ಬಂದೆ. ಅವಳಿಗೆ ನಾಲಿಗೆ ಉದ್ದ, ಮೊದಲಿನಿಂದಲೂ.


ಜುಲೈ 26, ಶುಕ್ರವಾರ

ನೀಲಿ ಪಟ್ಟಿ ಬಿಚ್ಚುತ್ತಿದ್ದೆ. ಅಳತೆ ಸರಿಮಾಡಿ ಮತ್ತೆ ಹೊಲಿಯಲಿಕ್ಕೆ, ಬೇರೆ ಏನಕ್ಕೂ ಅಲ್ಲ. ಬ್ಲೇಡು ಜಾರಿ ಹಳದಿ ಚೂಡಿದಾರದ ಚೌಕ ಸೀಳಿತು. ಬೆರಳು ತೂರುವಷ್ಟು.

ಆ ಹಳದಿ ಬಟ್ಟೆ ಇನ್ನೊಂದು ಚೂರೂ ಇಲ್ಲ. ಇದ್ದದ್ದೇ ಅಷ್ಟು. ಅದನ್ನು ಹಾಕಿಕೊಂಡು ಹೇಮಾ ಡಿಗ್ರಿಯ ರಿಸಲ್ಟು ನೋಡಲು ಹೋಗಿದ್ದಳು. ಗೇಟಿನಿಂದಲೇ ಕೂಗುತ್ತಾ ಬಂದಿದ್ದಳು.

ಸೀಳಿನ ಮೇಲೆ ಕೈಯಿಟ್ಟು ಕುಳಿತಿದ್ದೆ. ಚಾರ್ವಿ ಬಂದು ನನ್ನ ಕೈ ಸರಿಸಿ ನೋಡಿದಳು.

"ಬ್ಯಾಂಡೇಜ್ ಹಾಕು ಅಜ್ಜಿ, ಸರಿ ಹೋಗುತ್ತೆ."

"ಬಟ್ಟೆಗೆ ಬ್ಯಾಂಡೇಜ್ ಹಾಕ್ತಾರೇನೇ?"

"ಯಮುನಾ ಆಂಟಿ ಎಲ್ಲದಕ್ಕೂ ಹಾಕ್ತಾರೆ. ಶನಿವಾರ ಅಪ್ಪ ಕರ್ಕೊಂಡು ಹೋದಾಗ ನನ್ನ ಗೊಂಬೆಗೂ ಹಾಕಿದ್ರು. ಗೊಂಬೇಗೆ ಮೊದ್ಲು 'ಸ್ವಲ್ಪ ನೋಯುತ್ತೆ' ಅಂತ ಹೇಳಿದ್ರು."

ಎದ್ದು ಹೋಗಿ ಅನ್ನಕ್ಕಿಟ್ಟೆ.


ಜುಲೈ 31

ಏನೂ ಹೊಲಿಯಲಿಲ್ಲ. ಸೊಪ್ಪಿನ ಸಾರು ಸೀದಿತು.

ಕುಂಕುಮದ ಬಟ್ಟಲು ಕಪ್ಪಿಟ್ಟಿತ್ತು. ಹುಣಸೆಹಣ್ಣು ಹಾಕಿ ಉಜ್ಜಿ, ತುಂಬಿಸಿ, ಬಾಗಿಲ ಪಕ್ಕದ ಗೂಡಿನಲ್ಲಿಟ್ಟೆ. ಕೈಗೆ ಸಿಗುವ ಜಾಗದಲ್ಲಿರಲಿ.


ಆಗಸ್ಟ್ 2, ಶುಕ್ರವಾರ

ಚಾರ್ವಿಗೆ ಜ್ವರ. ಬೆಳಿಗ್ಗೆ ಏಳುವಾಗಲೇ ಮೈ ಕಾದ ಹೆಂಚಾಗಿತ್ತು. ಕಣ್ಣು ನೋವು ಎಂದಳು. ಹೇಮಾ ಕೂಡ ಮೊದಲು ಹೇಳಿದ್ದು ಅದನ್ನೇ. ಕಣ್ಣಿನ ಹಿಂದೆ ನೋವು ಅಮ್ಮ ಎಂದಿದ್ದಳು. ನಾನು ಮೊಬೈಲು ನೋಡಿ ನೋಡಿ ಎಂದು ಬೈದಿದ್ದೆ.

ಮಧುಕರ್ ಆಫೀಸಿನ ಕೆಲಸಕ್ಕೆ ಚೆನ್ನೈಗೆ ಹೋಗಿದ್ದ. ಇವರು ಫೋನು ಮಾಡುವಾಗ ಎರಡು ಸಲ ತಪ್ಪು ನಂಬರಿಗೆ ಹೋಯಿತು. ಹೊರಗೆ ಮಳೆ. ಬೀದಿಯ ಡಾಕ್ಟರು ಬಂದು ನೋಡಿ, ರಕ್ತ ಪರೀಕ್ಷೆ ಮಾಡಿಸಿಬಿಡಿ ಎಂದು ಹೇಳಿ ಹೋದರು. ಈ ಮಳೆಯಲ್ಲಿ ಮಗುವನ್ನು ಎಲ್ಲಿಗೆ ಎತ್ತಿಕೊಂಡು ಹೋಗುವುದು ಎಂದು ನಾವಿಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

ಮಧುಕರ್ ಹೇಳಿರಬೇಕು. ಆ ಯಮುನಾ ಬಂದಳು. ರೈಲ್ವೆ ಗೇಟಿನ ಹತ್ತಿರ ನೀರು ನಿಂತು ಆಟೋದವನು ಮುಂದೆ ಬರುವುದಿಲ್ಲವೆಂದನಂತೆ. ಅಲ್ಲಿಂದ ನಡೆದುಕೊಂಡೇ ಬಂದಿದ್ದಳು. ಸೊಂಟದವರೆಗೆ ಸೀರೆ ತೊಯ್ದು ಕೆಸರಾಗಿತ್ತು. ರಕ್ತ ತೆಗೆಯುವ ಸಾಮಾನಿನ ಡಬ್ಬಿಯನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಬಂದದ್ದರಿಂದ ಅದು ನೆನೆದಿರಲಿಲ್ಲ.

"ಒದ್ದೆ ಸೀರೇಲಿ ಮಗು ಹತ್ರ ಹೋಗ್ಬೇಡ" ಎಂದೆ. ಕೈಗೆ ಸಿಕ್ಕ ನನ್ನ ಕಂದು ಸುಂಗುಡಿ ಸೀರೆ ಕೊಟ್ಟೆ. ಹಳೆಯದು, ಒಗೆದು ಒಗೆದು ಮೆತ್ತಗಾದದ್ದು. ಉಟ್ಟುಕೊಂಡು ಬಂದಳು. ಕುಳ್ಳಿಯ ಸೀರೆ ಉದ್ದದವಳಿಗೆ ಹೇಗಿರುತ್ತದೆ, ಕಣಕಾಲು ಕಾಣುತ್ತಿತ್ತು.

ಸೂಜಿ ನೋಡಿ ಚಾರ್ವಿ ಬಾಯಿ ತೆರೆದಳು. ಯಮುನಾ ಅವಳ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, "ಸ್ವಲ್ಪ ನೋಯುತ್ತೆ ಚಾರು. ಸುಳ್ಳು ಹೇಳಲ್ಲ ನಾನು. ಗೊಂಬೆ ಅತ್ತಿತ್ತಾ?" ಎಂದಳು.

"ಗೊಂಬೆಗೆ ರಕ್ತ ಇಲ್ಲ ಆಂಟಿ."

"ಅದಕ್ಕೇ ನಿನ್ನ ಹತ್ರ ಬಂದಿದ್ದು."

ಮಗು ಅಳಲಿಲ್ಲ. ನಾನು ಅಡುಗೆಮನೆಗೆ ಹೋದೆ. ಅಲ್ಲಿ ಸ್ವಲ್ಪ ಹೊತ್ತು ಬೇಕಾಯಿತು.

ಮಳೆ ನಿಂತ ಮೇಲೆ ಇವರೇ ರಕ್ತದ ಶೀಶೆಯನ್ನು ಲ್ಯಾಬಿಗೆ ತೆಗೆದುಕೊಂಡು ಹೋದರು. ಯಮುನಾ ತನ್ನ ತಾಯಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಫೋನು ಮಾಡಿ ಹೇಳಿ, ಇಲ್ಲಿಯೇ ಉಳಿದಳು.


ಆಗಸ್ಟ್ 3, ಶನಿವಾರ

ಡೆಂಗಿ ಅಲ್ಲ. ಸಾಧಾರಣ ಜ್ವರವಂತೆ. ಇವರು ಫೋನು ಕೆಳಗಿಟ್ಟು ದೇವರ ಗೂಡಿನ ಕಡೆಗೆ ಹೋದವರು ದೀಪ ಹಚ್ಚಲು ಹೋಗಿ ಬೆಂಕಿಪೊಟ್ಟಣವನ್ನು ತಲೆಕೆಳಗಾಗಿ ತೆರೆದು ಕಡ್ಡಿಯೆಲ್ಲ ಚೆಲ್ಲಿದರು. ಹೆಕ್ಕುತ್ತಾ ಅಲ್ಲಿಯೇ ಕುಳಿತಿದ್ದರು.

ಮಧ್ಯಾಹ್ನ ಚಾರ್ವಿಗೆ ಬೆವರಿ ಜ್ವರ ಇಳಿಯಿತು. ಯಮುನಾ ಮಂಚದ ಅಂಚಿನಲ್ಲಿ ಕುಳಿತು ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದಳು. ಗಂಜಿ ತೆಗೆದುಕೊಂಡು ಹೋದೆ. ಬಾಗಿಲಲ್ಲಿಯೇ ನಿಂತೆ.

ಮಗು ನಿದ್ದೆ ಹೋಗಿತ್ತು. ಸುಂಗುಡಿ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಗದ್ದದ ಕೆಳಗೆ ಸೇರಿಸಿಕೊಂಡಿತ್ತು. ಹೇಮಾ ಮಲಗುತ್ತಿದ್ದದ್ದು ಹೀಗೆಯೇ. ನನ್ನ ಸೆರಗು ಹಿಡಿದು. ಅವಳ ಮುಷ್ಟಿ ಬಿಡಿಸಿಕೊಂಡು ಏಳುವುದು ನನಗೆ ದಿನದ ಕೆಲಸವಾಗಿತ್ತು, ಒಂದೊಂದೇ ಬೆರಳು ಬಿಡಿಸುತ್ತಿದ್ದೆ.

ಯಮುನಾ ಬಿಡಿಸಿಕೊಂಡಿರಲಿಲ್ಲ. ಸೆರಗು ಗಿಡ್ಡವಾದ್ದರಿಂದ ನೆಟ್ಟಗೆ ಕೂರಲೂ ಆಗದೆ, ಮಲಗಲೂ ಆಗದೆ, ಒಂದು ಪಕ್ಕಕ್ಕೆ ಬಾಗಿ ಕುಳಿತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನನ್ನ ಮನೆಯಲ್ಲಿ ನನಗೇ ಸುಮ್ಮನಿರು ಎಂದಳು.

ಗಂಜಿ ಆರಿತು. ಮತ್ತೆ ಬಿಸಿ ಮಾಡಿದೆ. ಮತ್ತೆ ಆರಿತು. ಇಳಿಹೊತ್ತಿಗೆ ಮಗು ತಾನಾಗಿ ಹೊರಳಿ ಕೈಬಿಟ್ಟ ಮೇಲೆ ಎದ್ದಳು. ಗೋಡೆ ಹಿಡಿದುಕೊಂಡು ನಡೆದಳು. ಬೆನ್ನು ನೋಯುತ್ತಿದೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗಂಜಿಗೆ ತುಪ್ಪ ಹಾಕಿ ಕೊಟ್ಟೆ.

ಅವಳ ಸೀರೆ ಈ ತಂಡಿಗೆ ಒಣಗಿರಲಿಲ್ಲ. ನನ್ನ ಸುಂಗುಡಿಯಲ್ಲಿಯೇ ಹೊರಟಳು.

"ಒಗೆದು ಇಸ್ತ್ರಿ ಮಾಡಿ ಕಳಿಸ್ತೀನಮ್ಮ."

"ಹೂಂ" ಎಂದೆ. ಕುಂಕುಮ ಕೊಟ್ಟೆ.


ಆಗಸ್ಟ್ 6, ಮಂಗಳವಾರ

ಕೌದಿಯನ್ನು ನೆಲಕ್ಕೆ ಹಾಸಿ ನಡುವಿನಲ್ಲಿ ಅಳೆದೆ. ಟೇಪಿನ ಆ ತುದಿ ಇವರ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಉದ್ದದ ನಡು, ಅಡ್ಡದ ನಡು. ಅಂಚಿಗಿಂತ ಎಷ್ಟು ಕಡಿಮೆ ಬಂತೆಂದರೆ ನನಗೇ ನಾಚಿಕೆಯಾಯಿತು. ಅಷ್ಟು ಎಳೆದಿದ್ದೇನೆ.

ಸೀಳಿದ ಹಳದಿ ಚೌಕದ ಮೇಲೆ ಎರಡು ಪುಟ್ಟ ಪಟ್ಟಿಯನ್ನು ಅಡ್ಡಡ್ಡ ಹೊಲಿದೆ. ಚಾರ್ವಿ ನೋಡಿ, "ಈಗ ವಾಸಿಯಾಗುತ್ತೆ" ಎಂದಳು.

ಕಾಗದದ ಮೇಲೆ ಅಂಚಿನ ಚಿತ್ರ ಬರೆದೆ. ನಾಲ್ಕು ಬದಿಗೆ ಅಂಗೈಯಗಲದ ಪಟ್ಟಿ. ಮೂಲೆಗಳಿಗೆ ಬೇರೆ ಚೌಕ. ಮೂಲೆಗೆ ನನ್ನ ನೀಲಿ ಸೀರೆ.

ಇವರು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾಲ್ಕೂ ಮೂಲೆ ನಿಂದೇನಾ? ನನ್ನ ಲುಂಗಿ ಏನು ಪಾಪ ಮಾಡಿತ್ತು?"

"ಲುಂಗಿ ಯಾರಾದ್ರೂ ಹಾಕ್ತಾರೇನ್ರೀ?"

"ಒಂದು ಮೂಲೆ. ಕಾಲಿನ ಕಡೆ ಆದ್ರೂ ಪರ್ವಾಗಿಲ್ಲ."

ಒಂದು ಮೂಲೆ ಕೊಟ್ಟೆ. ಅವರು ಒಳಗೆ ಹೋಗಿ ಹಸಿರು ಗೆರೆಯ ಲುಂಗಿಯನ್ನು ಸುತ್ತಿ ತಂದಿಟ್ಟರು. ಆಮೇಲೆ ಕೇಳಿದರು.

"ಬದಿ ಪಟ್ಟಿಗೆ ಬಟ್ಟೆ ಯಾವ್ದು?"

ನಾನು ದಾರ ಸುತ್ತುತ್ತಿದ್ದೆ. ಅವರು ಟೇಪು ಸುತ್ತಿಟ್ಟರು.

"ಮುಗಿದ್ರೆ ಹೊರಟ್ಬಿಡ್ತಾಳೆ ಅಲ್ವೇನೇ ಮಗು."

"ಹೂಂ."

"ಆಮೇಲೆ ನಾವಿಬ್ಬರೇ."

"ಹೂಂ."

ಅವರ ಮಾತು ಅಲ್ಲಿಗೆ ಮುಗಿಯಿತು. ಬಾಬಿನ್ನಿಗೆ ದಾರ ತುಂಬಿ ಉಕ್ಕಿ ಹೊರಗೆ ಸುತ್ತಿಕೊಳ್ಳುತ್ತಿತ್ತು, ನಾನು ನೋಡಿರಲಿಲ್ಲ. ಇವತ್ತು ಅಕ್ಕನ ನೆನಪು ತುಂಬಾ ಬಂತು. ಕೇಳಿದ್ದರೆ ಏನೆನ್ನುತ್ತಿದ್ದಳೋ.


ಆಗಸ್ಟ್ 8, ಗುರುವಾರ

ಫೋನಿನಲ್ಲಿ ಇದನ್ನೆಲ್ಲ ಹೇಳಲು ನನಗೆ ಬರುವುದಿಲ್ಲ. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಇನ್‌ಲ್ಯಾಂಡಿಗೆ ಇಳಿಸುತ್ತೇನೆ. ಸಂಜೆಯ ಟಪಾಲಿಗೆ ಹಾಕಬೇಕು.

ಯಮುನಾಳಿಗೆ ಚಿಕ್ಕಮುನಿಯಮ್ಮ ಮಾಡುವ ಆಶೀರ್ವಾದಗಳು. ನಿನ್ನ ತಾಯಿಯವರು ಹೇಗಿದ್ದಾರೆ? ರಾತ್ರಿ ನಿದ್ದೆ ಬರುತ್ತಿದೆಯೇ ಅವರಿಗೆ? ಬೆನ್ನಿಗೆ ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುತ್ತಿರುತ್ತೀಯ, ನಾನು ಹೇಳಬೇಕಾಗಿಲ್ಲ. ಪಕ್ಕದ ಮನೆಯವರಿಗೂ ನಮ್ಮ ನಮಸ್ಕಾರ ತಿಳಿಸು. ನಿನ್ನ ಬೆನ್ನುನೋವು ಹೇಗಿದೆ? ಅವತ್ತೇ ಕೇಳಬೇಕಿತ್ತು.

ಚಾರ್ವಿ ಇವತ್ತು ಸ್ಕೂಲಿಗೆ ಹೋಗಿದ್ದಾಳೆ. ಎರಡು ಇಡ್ಲಿ ತಿಂದಳು. ತಾತ ಚೆನ್ನಾಗಿದ್ದಾರೆ.

ಒಂದೆರಡು ವಿಷಯ ನಿನಗೆ ತಿಳಿದಿರಲಿ. ಅವಳು ರಾತ್ರಿ ಎಡಕ್ಕೆ ಹೊರಳುತ್ತಾಳೆ, ಆ ಕಡೆ ದಿಂಬು ಇಡಬೇಕು. ಹಾಲಿಗೆ ಸಕ್ಕರೆ ಬೇಡ, ಬೆಲ್ಲ ಹಾಕಿದರೆ ಕುಡಿಯುತ್ತಾಳೆ. ಗುಡುಗಿದರೆ ಕೂಗುವುದಿಲ್ಲ, ಸುಮ್ಮನಾಗಿಬಿಡುತ್ತಾಳೆ. ಸುಮ್ಮನಿದ್ದಾಳೆಂದು ಬಿಡಬೇಡ, ಹೋಗಿ ನೋಡು. ಅಮ್ಮ ಎಲ್ಲಿ ಎಂದು ಕೇಳುವುದನ್ನು ನಿಲ್ಲಿಸಿದ್ದಾಳೆ. ಕೇಳಿದರೆ ಕೌದಿಯಲ್ಲಿ ತೋರಿಸು. ಮುಟ್ಟಿ ತೋರಿಸು, ಸವೆಯುವುದಿಲ್ಲ.

ಕೌದಿಗೆ ಅಂಚು ಇನ್ನೂ ಆಗಿಲ್ಲ. ಅಳತೆ ಆಗಿದೆ, ಮೂಲೆಗಳು ಸಿದ್ಧವಾಗಿವೆ. ಬಟ್ಟೆ ಮಾತ್ರ ನಿನ್ನ ಹತ್ತಿರ ಉಳಿದುಕೊಂಡಿದೆ. ನನ್ನ ಕಂದು ಸುಂಗುಡಿ ಸೀರೆ. ನೀನು ಬೇರೆ ಸೀರೆ ಕೊಡುತ್ತೇನೆ ಎನ್ನಬೇಡ, ಅದೇ ಆಗಬೇಕು. ಅದು ಬಂದರೆ ನನಗೆ ನಾಲ್ಕೈದು ದಿನದ ಕೆಲಸ. ಮುಗಿದ ದಿನ ಮಧುಕರ್‌ಗೆ ಹೇಳಿ ಕಳಿಸುತ್ತೇನೆ. ನೀನೂ ಬಾ. ಮಗುವನ್ನು ಅವನೊಬ್ಬನೇ ಬಂದು ಕರೆದುಕೊಂಡು ಹೋಗುವುದು ಬೇಡ.

ಸೀರೆಯನ್ನು ಒಗೆಯಬೇಡ. ಒಗೆದಾಗಿದ್ದರೆ ಇನ್ನೊಂದು ದಿನ ಉಡು. ಉಟ್ಟುಕೊಂಡು ಅಡುಗೆ ಮಾಡು, ತಾಯಿಗೆ ಊಟ ಮಾಡಿಸು, ಸೆರಗಿನಲ್ಲಿ ಕೈ ಒರೆಸಿಕೋ, ಮಧ್ಯಾಹ್ನ ಅದರಲ್ಲಿಯೇ ಸ್ವಲ್ಪ ಮಲಗು. ಆಮೇಲೆ ಹಾಗೆಯೇ ಮಡಚಿ ಕಳಿಸು. ಇಸ್ತ್ರಿ ಬೇಡ. ಕಳಿಸಿದ್ದೀಯೆಂದು ಎರಡು ಸಾಲು ಬರೆ, ಬೇಗ ಬರೆ.